ಹರಳು ಕಟ್ಟಿದ ಕಣ್ಣು: ಮಿಶ್ರ ಮಾಧ್ಯಮದ ಭಾವಚಿತ್ರಗಳಲ್ಲಿ ವರ್ಣ, ಕ್ವಿಯರ್ ಬದುಕು ಮತ್ತು ಗಂಡಸುತನ

ನಸುಕು (ಚರ್ಚೆ ಆರಂಭಿಸಿದವರು)

ಕೆಲವು ತಿಂಗಳುಗಳಿಂದ ದೇವನ್ ಶಿಮೊಯಾಮ ಅವರ ಭಾವಚಿತ್ರಗಳನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ನೋಡಿದಷ್ಟೂ ಒಂದು ಪ್ರಶ್ನೆ ಗಟ್ಟಿಯಾಗುತ್ತಿರುವುದರಿಂದ ಅದನ್ನು ಇಲ್ಲಿ ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

1989ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿ, ಪಿಟ್ಸ್‌ಬರ್ಗ್‌ನಲ್ಲಿ ಬಹುಕಾಲ ಕೆಲಸ ಮಾಡಿದ ಶಿಮೊಯಾಮ ಕಪ್ಪು ಜನಾಂಗಕ್ಕೆ ಸೇರಿದ ಕ್ವಿಯರ್ (ಗಂಡು-ಹೆಣ್ಣಿನ ಪ್ರೇಮದ ರೂಢಿಗೆ ಹೊರತಾದ) ಕಲಾವಿದರು. 2018ರಲ್ಲಿ ಪಿಟ್ಸ್‌ಬರ್ಗ್‌ನ ಆಂಡಿ ವಾರ್ಹಾಲ್ ಮ್ಯೂಸಿಯಂನಲ್ಲಿ ‘ಕ್ರೈ, ಬೇಬಿ’ ಎಂಬ ಹೆಸರಿನಲ್ಲಿ ಅವರ ಪ್ರದರ್ಶನ ನಡೆಯಿತು. ಅವರ ಒಂದು ಚಿತ್ರಸರಣಿ ಕ್ಷೌರದಂಗಡಿಗೆ ಸಂಬಂಧಿಸಿದ್ದು. ಕುರ್ಚಿಯಲ್ಲಿ ಯುವಕನೊಬ್ಬ ಕುಳಿತಿರುತ್ತಾನೆ, ಕೊರಳಿಗೆ ಕಟ್ಟಿದ ಬಟ್ಟೆ ಅವನ ಮೈಯನ್ನು ಮುಚ್ಚಿರುತ್ತದೆ. ಆ ಬಟ್ಟೆಯೋ ಚಮಕಿ, ಹೂವು, ಮಿನುಗುಪುಡಿಗಳಿಂದ ತುಂಬಿ ಹಬ್ಬದ ಉಡುಗೆಯಂತೆ ಹೊಳೆಯುತ್ತದೆ. ಕಣ್ಣುಗಳ ಜಾಗದಲ್ಲಿ ಆಭರಣದ ಹರಳುಗಳಿರುತ್ತವೆ. ಕೆನ್ನೆಯ ಮೇಲೆ ಗಾಜಿನ ಹರಳುಗಳೇ ಸಾಲುಗಟ್ಟಿ ಕಣ್ಣೀರಾಗಿ ಇಳಿಯುತ್ತವೆ.

ಆಫ್ರಿಕನ್ ಅಮೆರಿಕನ್ ಬದುಕಿನಲ್ಲಿ ಕ್ಷೌರದಂಗಡಿ ಬರಿಯ ಕೂದಲು ಕತ್ತರಿಸುವ ಜಾಗವಲ್ಲ. ಅದು ಗಂಡಸರು ಸೇರುವ, ರಾಜಕೀಯ ಮಾತನಾಡುವ, ಹುಡುಗನೊಬ್ಬ ಗಂಡಸರ ನಡುವೆ ಗಂಡಸಾಗುವುದನ್ನು ಕಲಿಯುವ ಜಾಗ. ಅಲ್ಲಿನ ಮಾತಿನಲ್ಲಿ ತನಗೆ ಎಡೆಯಿಲ್ಲವೆಂದು ಒಳಗೊಳಗೇ ತಿಳಿದಿರುವ ಹುಡುಗನಿಗೆ ಅದೇ ಕುರ್ಚಿ ಎಷ್ಟು ಭಾರವಾಗಿರಬಹುದು ಎಂಬುದನ್ನು ಈ ಚಿತ್ರಗಳು ಒಂದು ಮಾತೂ ಇಲ್ಲದೆ ತಿಳಿಸುತ್ತವೆ. ಕತ್ತು ಕದಲಿಸುವಂತಿಲ್ಲ, ಎದ್ದು ಹೋಗುವಂತಿಲ್ಲ, ಅಳುವಂತೆಯೂ ಇಲ್ಲ.

ನನ್ನ ಪ್ರಶ್ನೆ ಇಷ್ಟು: ಈ ಹರಳು, ಚಮಕಿ, ರೇಷ್ಮೆ ಹೂವುಗಳು ಕುಳಿತವನಿಗೆ ಏನು ಮಾಡುತ್ತವೆ? ಅವನನ್ನು ಕಾಣಿಸುತ್ತವೆಯೋ, ಮರೆಮಾಡುತ್ತವೆಯೋ? ಭಾವಚಿತ್ರದಲ್ಲಿ ಜೀವ ಇರುವುದೇ ಕಣ್ಣಿನಲ್ಲಿ ಎಂದು ಕಲಿತು ಬಂದವಳು ನಾನು. ಕಣ್ಣನ್ನೇ ತೆಗೆದಿಟ್ಟ ಭಾವಚಿತ್ರದ ಮುಂದೆ ಎದೆ ಇಷ್ಟು ಕಲಕಿದ್ದೇಕೆ ಎಂದು ಅರ್ಥಮಾಡಿಕೊಳ್ಳಬೇಕೆನ್ನಿಸಿದೆ.

ಕರಿಮಸಿ

ಕ್ಷೌರದಂಗಡಿಯ ವಿಷಯ ಬಂದುದರಿಂದ, ಇದಕ್ಕಿಂತ ಹಿಂದಿನ ಒಂದು ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಬೇಕು. ಅಮೆರಿಕದ ಕಪ್ಪು ಜನಾಂಗದ ಚಿತ್ರಕಾರ ಕೆರ್ರಿ ಜೇಮ್ಸ್ ಮಾರ್ಷಲ್ 1993ರಲ್ಲಿ ‘ಡೆ ಸ್ಟೈಲ್’ ಎಂಬ ದೊಡ್ಡ ಕ್ಯಾನ್ವಾಸನ್ನು ಅಕ್ರಿಲಿಕ್ ಬಣ್ಣ ಮತ್ತು ಕೊಲಾಜ್ (ಕಾಗದ ಮೊದಲಾದವನ್ನು ಅಂಟಿಸುವುದು) ಬೆರೆಸಿ ಮಾಡಿದರು. ಅದೂ ಕ್ಷೌರದಂಗಡಿಯೇ. ಅಲ್ಲಿನ ಗಂಡಸರು ದೊರೆಗಳಂತೆ, ಸಂತರಂತೆ ಕಾಣುತ್ತಾರೆ, ಅವರ ಕೂದಲ ವಿನ್ಯಾಸಗಳು ಕಿರೀಟದಷ್ಟು ಎತ್ತರಕ್ಕೆ ಏರಿರುತ್ತವೆ. ಪಾಶ್ಚಾತ್ಯ ಚಿತ್ರಕಲೆಯ ಮಹಾಚಿತ್ರಗಳಲ್ಲಿ ಕಪ್ಪು ಜನರಿಗೆ ಸಿಗದ ಘನತೆಯನ್ನು ಅಷ್ಟೇ ದೊಡ್ಡ ಅಳತೆಯಲ್ಲಿ ಕೊಟ್ಟೇ ತೀರಬೇಕೆಂಬ ಹಟ ಮಾರ್ಷಲ್ ಅವರದು. ಚರ್ಮವನ್ನು ಬಳಿಯಲು ಅವರು ಐವರಿ ಬ್ಲ್ಯಾಕ್, ಕಾರ್ಬನ್ ಬ್ಲ್ಯಾಕ್, ಮಾರ್ಸ್ ಬ್ಲ್ಯಾಕ್ ಎಂಬ ಬೇರೆ ಬೇರೆ ಕಪ್ಪುಗಳನ್ನು ಬಳಸುತ್ತಾರೆ, ಅವುಗಳಿಗೆ ನೀಲಿ, ಹಸಿರು ಮೊದಲಾದ ಛಾಯೆಗಳನ್ನು ಸೇರಿಸುತ್ತಾರೆ. ದೂರದಿಂದ ಒಂದೇ ಕಪ್ಪಾಗಿ ಕಾಣುವುದು ಹತ್ತಿರ ಹೋದಾಗ ತಣ್ಣನೆಯ ಕಪ್ಪು, ಬೆಚ್ಚನೆಯ ಕಪ್ಪು ಎಂದು ಬೇರೆಯಾಗುತ್ತದೆ. ಕಪ್ಪು ಎಂದರೆ ಬಣ್ಣವೇ ಇಲ್ಲದಿರುವುದು ಎಂದು ಹೇಳಿಕೊಂಡು ಬಂದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಮಾರ್ಷಲ್ ಅವರ ಅಂಗಡಿಯಲ್ಲಿ ಒಟ್ಟಾಗಿ ಸೇರಿದ ಸಮುದಾಯಕ್ಕೆ ಘನತೆ ದೊರಕಿದೆ. ಶಿಮೊಯಾಮ ಅದೇ ಅಂಗಡಿಯ ಒಳಹೊಕ್ಕು, ಆ ಘನತೆಯ ಲೆಕ್ಕದಲ್ಲಿ ಸೇರದೆ ಉಳಿದವನ ಪಕ್ಕದಲ್ಲಿ ನಿಲ್ಲುತ್ತಾರೆ. ಒಂದನ್ನು ಇನ್ನೊಂದು ಅಲ್ಲಗಳೆಯುತ್ತದೆ ಎಂದು ನಾನು ಹೇಳುವುದಿಲ್ಲ. ಮೊದಲನೆಯದು ಕಟ್ಟಿದ ಮನೆಯಲ್ಲಿಯೇ ಎರಡನೆಯದು ತನಗೊಂದು ಕೋಣೆ ಕೇಳುತ್ತಿದೆ. ಮಾರ್ಷಲ್ ಅವರ ಗಂಡಸರು ನೇರವಾಗಿ ನಮ್ಮನ್ನು ನೋಡುತ್ತಾರೆ. ಶಿಮೊಯಾಮ ಅವರ ಹುಡುಗನ ಕಣ್ಣನ್ನು ಹುಡುಕಿದರೆ ಹರಳಿನ ಮೇಲೆ ಬಿದ್ದ ಬೆಳಕು ನಮ್ಮತ್ತಲೇ ತಿರುಗುತ್ತದೆ. ನಾವು ಅವನನ್ನು ಕಣ್ತುಂಬ ನೋಡಬಹುದು, ಆದರೆ ಅವನನ್ನು ತಿಳಿದುಬಿಟ್ಟೆವೆಂದು ಹೇಳಿಕೊಳ್ಳಲಾಗದು. ನಿಮ್ಮ ಎದೆ ಕಲಕಿದ್ದು ಇದರಿಂದಲೇ ಇರಬಹುದು.

ಅರಗು

ನಾನು ವಸ್ತುಗಳ ಕಡೆಯಿಂದ ಮಾತನಾಡುತ್ತೇನೆ, ಏಕೆಂದರೆ ನನ್ನ ದಿನನಿತ್ಯದ ಕೆಲಸವೇ ಅಂಟು ಮತ್ತು ಬಣ್ಣ.

ಮಿನುಗುಪುಡಿ ಎಂದರೆ ಅಲ್ಯೂಮಿನಿಯಂ ಲೇಪಿಸಿದ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸಣ್ಣಸಣ್ಣ ಷಟ್ಕೋನಗಳಾಗಿ ಕತ್ತರಿಸಿದ್ದು. ಅಗ್ಗದ ಹರಳುಗಳ ಹಿಂಬದಿಗೆ ಕನ್ನಡಿಯಂಥ ಲೋಹದ ಪೊರೆ ಇರುತ್ತದೆ, ತೇವಕ್ಕೆ ಅದು ಕಪ್ಪಾಗುತ್ತದೆ. ಚಿತ್ರಕಲೆಯ ಶಾಲೆಗಳಲ್ಲಿ ಇವನ್ನು ಬಹುಕಾಲ ‘ಕರಕುಶಲ’ ಎಂಬ ಕೆಳಗಿನ ಮೆಟ್ಟಿಲಿನಲ್ಲಿ ಇಟ್ಟಿದ್ದರು. ಹೆಣ್ಣುಮಕ್ಕಳ ಹವ್ಯಾಸದ ಸಾಮಾನು, ವೇದಿಕೆಯ ಕುಣಿತಗಾರರ ಸಾಮಾನು, ಮಕ್ಕಳ ಆಟದ ಸಾಮಾನು ಎಂಬ ತಿರಸ್ಕಾರ ಅದರ ಹಿಂದಿತ್ತು. ಅಮೆರಿಕದ ಕಪ್ಪು ಜನಾಂಗದ ಕಲಾವಿದೆ ಮಿಕಲೀನ್ ಥಾಮಸ್ ಅವರು ವಿದ್ಯಾರ್ಥಿಯಾಗಿದ್ದಾಗ ತೈಲವರ್ಣಕ್ಕೆ ಹಣ ಸಾಲದೆ ಕರಕುಶಲ ಸಾಮಗ್ರಿಗಳ ಕಡೆ ತಿರುಗಿದರು. ಇಂದು ಕಪ್ಪು ಹೆಣ್ಣುಗಳ ಅವರ ಬೃಹತ್ ಭಾವಚಿತ್ರಗಳನ್ನು ಆ ಹರಳುಗಳಿಲ್ಲದೆ ಕಲ್ಪಿಸಿಕೊಳ್ಳಲೂ ಸಾಧ್ಯವಿಲ್ಲ. ಬಡತನದಿಂದ ಕೈಗೆ ಬಂದ ವಸ್ತು ಮುಂದೆ ಒಂದು ಭಾಷೆಯೇ ಆಯಿತು.

ಅದೇ ವಸ್ತುವನ್ನು ಗಂಡಿನ ಮುಖಕ್ಕೆ ಅಂಟಿಸಿದಾಗ ನಡೆಯುವುದೇ ಬೇರೆ. ‘ಇದು ನಿನ್ನದಲ್ಲ’ ಎಂದು ಹುಡುಗನ ಕೈಯಿಂದ ಕಿತ್ತುಕೊಂಡ ಸಾಮಾನನ್ನು ಅವನಿಗೆ ಮರಳಿಸಿದ ಹಾಗೆ ಅದು. ಆದ್ದರಿಂದ, ನಸುಕು ಅವರೇ, ಹರಳು ಕಾಣಿಸುತ್ತದೆಯೋ ಮರೆಮಾಡುತ್ತದೆಯೋ ಎಂದು ಕೇಳುವ ಮೊದಲು, ಅದು ಯಾರಿಂದ ಬಂದ ಹರಳು, ಯಾರ ಮುಖಕ್ಕೆ ಹೋಯಿತು ಎಂದು ಕೇಳಬೇಕೆನ್ನಿಸುತ್ತದೆ.

ಇನ್ನೊಂದು ಮಾತು. ಈ ಚಿತ್ರಗಳನ್ನು ಪರದೆಯ ಮೇಲೆ ನೋಡಿ ತೀರ್ಪು ಕೊಡಬಾರದು. ಛಾಯಾಚಿತ್ರದಲ್ಲಿ ಹರಳು ಬಿಳಿಯ ಚುಕ್ಕಿಯಾಗಿ ನಿಂತುಬಿಡುತ್ತದೆ. ಎದುರಿಗೆ ನಿಂತಾಗ ನೀವು ಒಂದು ಹೆಜ್ಜೆ ಸರಿದರೆ ಕಣ್ಣೀರು ಕೆನ್ನೆಯ ಮೇಲೆ ಹರಿದಂತೆ ಬೆಳಕು ಸರಿಯುತ್ತದೆ, ನಿಂತರೆ ಅದೂ ನಿಲ್ಲುತ್ತದೆ.

ಮೌನಿ

ಮೇಲಿನ ಮೂವರ ಬರಹವನ್ನೂ ಗೌರವದಿಂದ ಓದಿದ್ದೇನೆ. ಆದರೂ ನನಗಿರುವ ಆತಂಕವನ್ನು ಮುಚ್ಚಿಡಲಾರೆ.

ಕಪ್ಪು ಗಂಡಸಿನ ಮೈಯನ್ನು ಸುಂದರಗೊಳಿಸಿ ಗೋಡೆಗೆ ತೂಗುಹಾಕುವುದು ಹೊಸದೇನಲ್ಲ. ಅಮೆರಿಕದ ಬಿಳಿಯ ಛಾಯಾಗ್ರಾಹಕ ರಾಬರ್ಟ್ ಮೇಪಲ್‌ಥೋರ್ಪ್ 1986ರಲ್ಲಿ ‘ಬ್ಲ್ಯಾಕ್ ಬುಕ್’ ಎಂಬ ಛಾಯಾಚಿತ್ರಗಳ ಪುಸ್ತಕವನ್ನು ತಂದರು. ಬೆಳಕು, ಚರ್ಮದ ನುಣುಪು, ಚೌಕಟ್ಟಿನ ಅಳತೆ ಎಲ್ಲವೂ ಕುಂದಿಲ್ಲದ ಕೆಲಸ. 1980ರಲ್ಲಿ ಅವರೇ ತೆಗೆದ, ಸೂಟು ತೊಟ್ಟ ಗಂಡಸಿನ ಪ್ರಸಿದ್ಧ ಚಿತ್ರದಲ್ಲಿ ಆ ಮನುಷ್ಯನ ತಲೆಯೇ ಚೌಕಟ್ಟಿನ ಹೊರಗುಳಿದಿದೆ. ಮೈ ಇದೆ, ಮುಖ ಇಲ್ಲ. ಅದನ್ನು ತೆಗೆದವರೂ ಸಲಿಂಗಪ್ರೇಮಿಯೇ. ಕ್ವಿಯರ್ ನೋಟವಾದರೆ ಸಾಕು, ವರ್ಣದ ಮೇಲುಕೀಳು ತಾನಾಗಿ ಕರಗುತ್ತದೆ ಎಂದುಕೊಳ್ಳುವವರು ಆ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಹೀಗಿರುವಾಗ, ಕಣ್ಣು ತೆಗೆದು ಹರಳಿಟ್ಟ ಮುಖವು ಸಂಗ್ರಾಹಕನ ಗೋಡೆಯ ಮೇಲೆ ಏನಾಗುತ್ತದೆ? ಅವನತ್ತ ತಿರುಗಿ ನೋಡದ, ಅವನಿಗೆ ಮುಜುಗರ ಕೊಡದ, ಚೆಂದವಾಗಿ ಹೊಳೆಯುವ ವಸ್ತುವಾಗುವುದಿಲ್ಲವೇ? ಚಿತ್ರಕಾರನ ಉದ್ದೇಶ ಶುದ್ಧವಾಗಿದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಚಿತ್ರ ಮನೆಬಿಟ್ಟು ಹೊರಟ ಮೇಲೆ ಉದ್ದೇಶ ಅದರ ಜೊತೆಗೆ ಹೋಗುವುದಿಲ್ಲ, ಹೊಳಪು ಮಾತ್ರ ಹೋಗುತ್ತದೆ.

ನಸುಕು

ಮೌನಿ ಅವರ ಮಾತು ನನ್ನನ್ನು ಎರಡು ದಿನ ಕಾಡಿತು. ಅದಕ್ಕೆ ಉತ್ತರವನ್ನು ಹೊರಗೆಲ್ಲೂ ಹುಡುಕದೆ, ಮೇಪಲ್‌ಥೋರ್ಪ್ ಅವರ ಅದೇ ಪುಸ್ತಕದ ಬದುಕಿನಲ್ಲಿ ಹುಡುಕಿದೆ.

ಗ್ಲೆನ್ ಲೈಗನ್ ಅವರು ಕಪ್ಪು ಜನಾಂಗದ ಸಲಿಂಗಪ್ರೇಮಿ ಕಲಾವಿದರು, 1960ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ಹುಟ್ಟಿದವರು. ಅವರು ‘ಬ್ಲ್ಯಾಕ್ ಬುಕ್’ನ ಹಾಳೆಗಳನ್ನು ಕತ್ತರಿಸಿ ತೆಗೆದು, ಒಂದೊಂದಕ್ಕೂ ಚೌಕಟ್ಟು ಹಾಕಿ, ಎರಡು ಸಾಲುಗಳಲ್ಲಿ ಗೋಡೆಗೆ ಹಚ್ಚಿದರು. ಆ ಎರಡು ಸಾಲುಗಳ ನಡುವೆ ಚಿಕ್ಕ ಚಿಕ್ಕ ಬರಹದ ಚೌಕಟ್ಟುಗಳನ್ನು ಇಟ್ಟರು. 91 ಚಿತ್ರಗಳು, 78 ಬರಹಗಳು. ಲೇಖಕರು, ಚಿಂತಕರು, ಧರ್ಮಬೋಧಕರು ಮೊದಲಾದ ಹಲವರು ಕಪ್ಪು ಮೈಯ ಬಗ್ಗೆ, ಕಾಮದ ಬಗ್ಗೆ, ಈ ಚಿತ್ರಗಳ ಬಗ್ಗೆ ಆಡಿದ ಮಾತುಗಳು ಆ ಬರಹಗಳಲ್ಲಿವೆ. 1991ರಿಂದ 1993ರವರೆಗೆ ಮಾಡಿದ ಈ ಕೃತಿ 1993ರಲ್ಲಿ ನ್ಯೂಯಾರ್ಕ್‌ನ ವಿಟ್ನಿ ಮ್ಯೂಸಿಯಂ ನಡೆಸಿದ ದ್ವೈವಾರ್ಷಿಕ ಪ್ರದರ್ಶನದಲ್ಲಿತ್ತು. ಒಬ್ಬರ ಪುಸ್ತಕ, ಇನ್ನೊಬ್ಬರ ಕತ್ತರಿ, ಹತ್ತಾರು ಜನರ ಮಾತು ಸೇರಿದ ಇದನ್ನು ನಾನು ಮಿಶ್ರ ಮಾಧ್ಯಮ ಎಂದೇ ಎಣಿಸುತ್ತೇನೆ. ಲೈಗನ್ ಆ ಪುಸ್ತಕವನ್ನು ಸುಡಲಿಲ್ಲ, ಹೊಗಳಲೂ ಇಲ್ಲ. ಚಿತ್ರದಿಂದ ಚಿತ್ರಕ್ಕೆ ಸಲೀಸಾಗಿ ಜಾರುತ್ತಿದ್ದ ಕಣ್ಣನ್ನು ನಡುವೆ ತಡೆದು ನಿಲ್ಲಿಸಿ, ಓದಿಕೊಂಡು ಮುಂದೆ ಹೋಗಿ ಎಂದರು.

ಲೈಗನ್ ಅವರ ಬರಹದ ಚೌಕಟ್ಟು ಮಾಡುವ ಕೆಲಸವನ್ನೇ ಶಿಮೊಯಾಮ ಅವರ ಹರಳೂ ಮಾಡುತ್ತದೆ ಎಂದು ಈಗ ನನಗನ್ನಿಸುತ್ತಿದೆ. ಅದು ತಡೆ. ಮೇಪಲ್‌ಥೋರ್ಪ್ ಮುಖವನ್ನು ಚೌಕಟ್ಟಿನ ಹೊರಗಿಟ್ಟರು. ಶಿಮೊಯಾಮ ಮುಖವನ್ನು ಒಳಗೇ ಇಟ್ಟು, ಅದನ್ನು ಮುಟ್ಟುವ ಹಕ್ಕನ್ನು ಮಾತ್ರ ನಮ್ಮಿಂದ ತೆಗೆದುಕೊಂಡರು. ಇವೆರಡೂ ಒಂದೇ ಅಲ್ಲ.

ಹೊಳಪಿನ ಬಗ್ಗೆಯೂ ಒಂದು ಮಾತು. ಅದೇ ಶಿಮೊಯಾಮ ಹೂಡಿ ಎಂಬ ತಲೆಗವಸಿನ ಅಂಗಿಗಳ ಮೇಲೆ ರೇಷ್ಮೆಯ ಹೂಗಳನ್ನು ಮುತ್ತಿಸಿ ತೂಗುಹಾಕಿದ್ದಾರೆ. 2012ರ ಫೆಬ್ರುವರಿ 26ರಂದು ಫ್ಲಾರಿಡಾದ ಸ್ಯಾನ್‌ಫರ್ಡ್‌ನಲ್ಲಿ ಗುಂಡಿಗೆ ಬಲಿಯಾದ ಹದಿನೇಳರ ಹುಡುಗ ಟ್ರೇವಾನ್ ಮಾರ್ಟಿನ್ ತೊಟ್ಟಿದ್ದುದು ಹೂಡಿ. 2014ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಉದ್ಯಾನದಲ್ಲಿ ಆಟಿಕೆ ಬಂದೂಕು ಹಿಡಿದಿದ್ದ ಹನ್ನೆರಡರ ತಮೀರ್ ರೈಸ್‌ಗೆ ಪೊಲೀಸರು ಗುಂಡು ಹಾರಿಸಿದರು. ಅವನ ಹೆಸರಿನಲ್ಲಿ ಶಿಮೊಯಾಮ ಹೂವು ಮತ್ತು ಹರಳು ಸುತ್ತಿದ ಉಯ್ಯಾಲೆಯೊಂದನ್ನು ಮಾಡಿದ್ದಾರೆ. ಅಲ್ಲಿ ಮೈಯೇ ಇಲ್ಲ, ಕೊಳ್ಳುವವನು ಸವಿಯಲು ಏನೂ ಉಳಿದಿಲ್ಲ. ಕುಳಿತು ತೂಗಬೇಕಿದ್ದ ಮಗು ಇಲ್ಲದ ಉಯ್ಯಾಲೆಗೆ ಅಷ್ಟೊಂದು ಹೂವು. ಸತ್ತವರ ಜಾಗದಲ್ಲಿ ಹೂವಿಡುವುದನ್ನು ಯಾರೂ ಅಲಂಕಾರ ಎನ್ನುವುದಿಲ್ಲ.

ಸೂಜಿಮೊನೆ

ಅಲಂಕಾರ ಎಂಬುದನ್ನು ಕ್ವಿಯರ್ ಗಂಡಸರ ಪಾಲಿಗೆ ಮಾತ್ರ ಬಿಟ್ಟುಕೊಟ್ಟು ಮಾತನಾಡುತ್ತಿದ್ದೇವೆ, ಅದು ಸರಿಯಲ್ಲ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1981ರಲ್ಲಿ ಹುಟ್ಟಿದ ಎಬನಿ ಪ್ಯಾಟರ್ಸನ್ ಅವರ ಕೆಲಸವನ್ನು ನೋಡಿ. ಡ್ಯಾನ್ಸ್‌ಹಾಲ್ ಎಂಬ ಜಮೈಕಾದ ಜನಪ್ರಿಯ ಕುಣಿತದ ಸಂಗೀತದ ಲೋಕದಲ್ಲಿ ‘ನಾನು ಅಸಲು ಗಂಡು’ ಎಂದು ಸಾರುವ ಯುವಕರೇ ಹುಬ್ಬು ತಿದ್ದಿಸಿಕೊಂಡು, ಮೈಗಂಟುವ ಬಟ್ಟೆ ತೊಟ್ಟು, ಚರ್ಮವನ್ನು ಬಿಳಿಚಿಸಿಕೊಳ್ಳುವ ಸಂಗತಿಯನ್ನು ಅವರು ಭಾವಚಿತ್ರದ ವಸ್ತುವಾಗಿಸಿಕೊಂಡರು. ಬಿಳಿಚಿದ ಮುಖ, ಕೆಂಪು ತುಟಿ, ಸುತ್ತಲೂ ಕಸೂತಿಯ ಬಟ್ಟೆ, ಮಣಿ, ಮಿನುಗು, ಹೂವು. ಸಲಿಂಗಪ್ರೇಮವನ್ನು ಬಹಿರಂಗವಾಗಿ ದ್ವೇಷಿಸುವ ಹಾಡುಗಳಿಗೆ ಹೆಸರಾದ ಲೋಕ ಅದು. ಅಲ್ಲಿಯ ಗಂಡಸುತನ ತಾನು ಹೆಣ್ಣಿಗರ ಗುರುತೆಂದು ಹಳಿಯುವುದನ್ನೇ ಮೈತುಂಬ ಹೊದ್ದಿದೆ. ಪ್ಯಾಟರ್ಸನ್ ಇದನ್ನು ಹಂಗಿಸುವುದಿಲ್ಲ. ಬಡ ಹುಡುಗರಿಗೆ ತಾವು ಇದ್ದೇವೆಂದು ತೋರಿಸಲು ಹೊಳೆಯುವುದೊಂದೇ ದಾರಿಯಾಗಿರುವುದರ ನೋವನ್ನು ಅವರು ಕಸೂತಿಯೊಳಗೇ ಹೆಣೆದಿದ್ದಾರೆ.

ನಾನು ಹೊಲಿಗೆಯವಳು. ಅವರ ಚಿತ್ರಗಳಲ್ಲಿ ಮುಖವು ಹೂವುಗಳ ನಡುವೆ ಹುದುಗಿರುವ ರೀತಿಯನ್ನು ಕಂಡಾಗ ಮೊದಲು ತೋಟ ಎನ್ನಿಸುತ್ತದೆ, ಆಮೇಲೆ ಸಮಾಧಿ ಎನ್ನಿಸುತ್ತದೆ.

ದಾರಿಹೋಕ

ನಾನು ಈ ವಿಷಯಕ್ಕೆ ಹೊಸಬ. ಒಂದು ಸಂದೇಹವಿದೆ. ಕುರ್ಚಿಯಲ್ಲಿ ಒಬ್ಬನೇ ಕುಳಿತ ಚಿತ್ರವನ್ನು ಕ್ವಿಯರ್ ಎಂದು ಏಕೆ ಕರೆಯುತ್ತೀರಿ? ಅಲ್ಲಿ ಪ್ರೇಮಿಗಳಿಲ್ಲ, ಸ್ಪರ್ಶವಿಲ್ಲ. ಕಲಾವಿದರ ಬದುಕು ತಿಳಿಯದಿದ್ದರೆ ನನಗೆ ಅದು ಹೊಳೆಯುತ್ತಲೇ ಇರಲಿಲ್ಲ.

ಕರಿಮಸಿ

ಈ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಬಲ್ಲವರು ಇದನ್ನು ಹಾರಿಸಿಕೊಂಡು ಹೋಗುತ್ತಾರೆ.

ನೈಜೀರಿಯಾದ ಲಾಗೋಸ್‌ನಲ್ಲಿ 1955ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕುಟುಂಬದೊಡನೆ ಇಂಗ್ಲೆಂಡಿಗೆ ಬಂದು, 1989ರಲ್ಲಿ ತೀರಿಕೊಂಡ ಛಾಯಾಗ್ರಾಹಕ ರೋಟಿಮಿ ಫಾನಿ-ಕಯೋಡೆ ತಾವು ಮೂರು ಬಗೆಯಲ್ಲಿ ಹೊರಗಿನವರು ಎಂದು ಬರೆದುಕೊಂಡಿದ್ದರು: ಪ್ರೇಮದ ವಿಷಯದಲ್ಲಿ, ನೆಲ ಮತ್ತು ಸಂಸ್ಕೃತಿಯಿಂದ ಬೇರಾದ ವಿಷಯದಲ್ಲಿ, ಮತ್ತು ಹೆತ್ತವರು ಬಯಸಿದ ಮರ್ಯಾದಸ್ಥ ಗೃಹಸ್ಥ ಆಗದೇ ಹೋದ ವಿಷಯದಲ್ಲಿ. ತಮ್ಮ ಯೊರುಬಾ ಜನಾಂಗದ ಆಚರಣೆಯ ನೆನಪುಗಳನ್ನೂ ಲಂಡನ್ನಿನ ಸಲಿಂಗಪ್ರೇಮಿ ಬದುಕನ್ನೂ ಒಂದೇ ಮೈಯ ಮೇಲೆ ತಂದ ಅವರ ಚಿತ್ರಗಳಲ್ಲಿ ಎಷ್ಟೋ ಕಡೆ ಒಬ್ಬನೇ ಇರುತ್ತಾನೆ. ಜೋಡಿ ಕಂಡಾಗ ಮಾತ್ರ ಕ್ವಿಯರ್ ಎಂದುಕೊಂಡರೆ, ಜೋಡಿ ಸಿಗದ ವರ್ಷಗಳು, ಕುರ್ಚಿಯಲ್ಲಿ ಉಸಿರು ಬಿಗಿಹಿಡಿದು ಕುಳಿತ ವರ್ಷಗಳು ಲೆಕ್ಕಕ್ಕೆ ಬರುವುದೇ ಇಲ್ಲ. ಎಷ್ಟೋ ಜನರ ಪಾಲಿಗೆ ಬದುಕಿನ ಹೆಚ್ಚಿನ ಭಾಗ ಅದೇ.

ಜೋಡಿಯೇ ಬೇಕೆಂದರೆ ನೈಜೀರಿಯಾ ಮೂಲದ ಕಲಾವಿದೆ ಟೊಯಿನ್ ಒಜಿಹ್ ಒಡುಟೋಲಾ ಅವರನ್ನು ನೋಡಿ. ಬಾಲ್ ಪೆನ್ನಿನ ಗೆರೆಗಳಿಂದ ಕಪ್ಪು ಚರ್ಮವನ್ನು ಬೆಟ್ಟಗುಡ್ಡದ ನಕಾಶೆಯಂತೆ ಬಿಡಿಸಿ ಹೆಸರಾದ ಇವರು, 2017ರಲ್ಲಿ ವಿಟ್ನಿ ಮ್ಯೂಸಿಯಂನಲ್ಲಿ ತೋರಿಸಿದ ಚಿತ್ರಗಳಲ್ಲಿ ಇದ್ದಿಲು, ಪ್ಯಾಸ್ಟೆಲ್, ಪೆನ್ಸಿಲ್ ಬಳಸಿ ನೈಜೀರಿಯಾದ ಎರಡು ಕಾಲ್ಪನಿಕ ಸಿರಿವಂತ ಮನೆತನಗಳನ್ನು ಸೃಷ್ಟಿಸಿದರು. ಆ ಎರಡು ಮನೆತನಗಳನ್ನು ಬೆಸೆದದ್ದು ಇಬ್ಬರು ಗಂಡುಮಕ್ಕಳ ಮದುವೆ. ಅದೇ ನೈಜೀರಿಯಾದಲ್ಲಿ 2014ರಲ್ಲಿ ಬಂದ ಕಾನೂನು ಅಂಥ ಮದುವೆಗೆ 14 ವರ್ಷಗಳ ಸೆರೆವಾಸ ವಿಧಿಸುತ್ತದೆ. ಚಿತ್ರಗಳಲ್ಲಿ ಆ ಕಾನೂನಿನ ಸುಳಿವೇ ಇಲ್ಲ. ಮನೆಯವರು ಸೋಫಾದ ಮೇಲೆ ನೆಮ್ಮದಿಯಾಗಿ ಕುಳಿತಿರುತ್ತಾರೆ, ಬಟ್ಟೆಯ ಮಡಿಕೆಗಳು ಬೆಳಕಿನಲ್ಲಿ ಮೆತ್ತಗೆ ಬಿದ್ದಿರುತ್ತವೆ. ಆ ನೆಮ್ಮದಿಯೇ ಎದೆಗೆ ನಾಟುತ್ತದೆ.

ಅರಗು

ಮೌನಿ ಅವರ ಆತಂಕಕ್ಕೆ ನನ್ನ ಬಳಿಯೂ ಒಂದು ಅನುಭವವಿದೆ.

ಒಂದು ವರ್ಷದ ಹಿಂದೆ ಗೆಳೆಯನೊಬ್ಬನ ಭಾವಚಿತ್ರ ಮಾಡತೊಡಗಿದೆ. ಅವನು ತನ್ನ ಪ್ರೇಮದ ವಿಷಯವನ್ನು ಕೆಲವೇ ಜನರಿಗೆ ಹೇಳಿಕೊಂಡವನು, ಅಗಲವಾದ ಭುಜದ, ದಟ್ಟ ಗಡ್ಡದ, ಹೆಚ್ಚು ಮಾತಿಲ್ಲದ ಮನುಷ್ಯ. ಅವನ ಚರ್ಮಕ್ಕೆ ಕಂದು ಬಣ್ಣವನ್ನು ಕಪ್ಪಿನೊಡನೆ ಬೆರೆಸಿದಾಗ ಮುಖ ಮಣ್ಣಿನಂತೆ ಸತ್ತುಹೋಯಿತು. ಅದನ್ನು ಒರೆಸಿ, ಕೆಳಗೆ ನೇರಳೆ ಹಾಕಿ, ಅದರ ಮೇಲೆ ಕಾವಿಯ ತೆಳುಪದರಗಳನ್ನು ಒಂದೊಂದಾಗಿ ಒಣಗಿಸುತ್ತ ಹೋದಾಗ ಹಣೆಯಲ್ಲಿ ರಕ್ತ ಹರಿಯತೊಡಗಿತು. ಆಮೇಲೆ ಶಿಮೊಯಾಮ ಅವರ ಚಿತ್ರಗಳ ಗುಂಗಿನಲ್ಲಿ ಅವನ ಎರಡು ಕಣ್ಣುಗಳ ಮೇಲೂ ಬಂಗಾರದ ಬಣ್ಣದ ಚಮಕಿಗಳನ್ನು ಒತ್ತಾಗಿ ಅಂಟಿಸಿದೆ. ನನಗೆ ಬಹಳ ಹಿಡಿಸಿತು.

ಅವನು ಬಂದು ನೋಡಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ‘ಕಣ್ಣು ಮುಚ್ಚಿಕೊಂಡೇ ಇಷ್ಟು ವರ್ಷ ಇದ್ದೆ, ಇಲ್ಲಿಯೂ ಮುಚ್ಚಬೇಕಾ?’ ಎಂದ. ನನ್ನಿಂದ ಉತ್ತರ ಹೊರಡಲಿಲ್ಲ. ಶಿಮೊಯಾಮ ಎಷ್ಟೋ ಚಿತ್ರಗಳಿಗೆ ತಮ್ಮ ಮೈಯನ್ನೇ ಮಾದರಿಯಾಗಿ ಇಟ್ಟುಕೊಂಡವರು, ತಮ್ಮ ಕಣ್ಣಿಗೆ ತಾವೇ ಹರಳಿಟ್ಟವರು. ನಾನು ಇನ್ನೊಬ್ಬನ ಕಣ್ಣಿಗೆ, ಅವನನ್ನು ಕೇಳದೆ, ಇಟ್ಟಿದ್ದೆ.

ಚಮಕಿಗಳನ್ನು ಬಿಡಿಸಿದೆವು. ಅಂಟಿನ ಜೊತೆಗೆ ಬಣ್ಣವೂ ಕಿತ್ತು ಬಂತು, ಕಣ್ಣುಗಳನ್ನು ಹೊಸದಾಗಿ ಬರೆಯಬೇಕಾಯಿತು. ಬಿಡಿಸಿದ ಚಮಕಿಗಳು ತಟ್ಟೆಯಲ್ಲಿದ್ದವು. ಅವನೇ ಚಿಮಟ ತೆಗೆದುಕೊಂಡು ಒಂದೊಂದನ್ನೇ ಎತ್ತಿ, ಚಿತ್ರದ ಗಡ್ಡದೊಳಗೆ, ಕೂದಲಿನ ಎಳೆಗಳ ನಡುವೆ ಇಡುತ್ತ ಹೋದ. ಎರಡು ಗಂಟೆಗೂ ಮಿಕ್ಕಿ ಹಿಡಿಯಿತು. ಅವನ ಕೈ ಅಷ್ಟು ದಪ್ಪ, ಚಮಕಿ ಅಷ್ಟು ಚಿಕ್ಕದು.

ಮೌನಿ

ಅರಗು ಅವರೇ, ಇದನ್ನು ಓದಿದ ಮೇಲೆ ನನ್ನ ಆಕ್ಷೇಪವನ್ನು ಹಿಂದೆಗೆದುಕೊಳ್ಳುವುದಿಲ್ಲ, ಆದರೆ ಅದರ ಜಾಗವನ್ನು ಬದಲಿಸುತ್ತೇನೆ. ಹೊಳಪು ಇರಬೇಕೋ ಬೇಡವೋ ಎಂದು ನಾನು ಕೇಳುತ್ತಿದ್ದೆ. ಅದನ್ನು ಎಲ್ಲಿಡಬೇಕೆಂದು ಯಾರು ಹೇಳಿದರು ಎಂಬುದನ್ನು ಕೇಳಬೇಕಿತ್ತು. 1994ರಲ್ಲಿ ಥೆಲ್ಮಾ ಗೋಲ್ಡನ್ ವಿಟ್ನಿಯಲ್ಲಿ ಕಪ್ಪು ಗಂಡಸರ ಚಿತ್ರಣದ ಬಗೆಗಿನ ‘ಬ್ಲ್ಯಾಕ್ ಮೇಲ್’ ಪ್ರದರ್ಶನವನ್ನು ರೂಪಿಸಿದಾಗ ಕಪ್ಪು ಸಮುದಾಯದ ಒಳಗಿನಿಂದಲೇ ಎದ್ದ ಜಗಳದ ತಿರುಳೂ ಇದೇ ಆಗಿತ್ತೆಂದು ಈಗ ಅನ್ನಿಸುತ್ತಿದೆ: ನಮ್ಮ ಗಂಡಸರನ್ನು ಹೀಗೆ ತೋರಿಸಲು ನಿಮಗೆ ಒಪ್ಪಿಗೆ ಕೊಟ್ಟವರು ಯಾರು ಎಂಬುದು. ಸಂಗ್ರಾಹಕನ ಗೋಡೆಯ ಬಗ್ಗೆ ನಾನು ಹೇಳಿದ ಮಾತು ಹಾಗೆಯೇ ನಿಂತಿದೆ.

ಸೂಜಿಮೊನೆ

ಅರಗು ಅವರಿಗೆ ಒಂದು ಪ್ರಶ್ನೆ. ಗಡ್ಡದ ಭಾಗದಲ್ಲಿ ಬಣ್ಣ ದಪ್ಪವಾಗಿ ಏರುಪೇರಾಗಿರುತ್ತದೆ, ಚಮಕಿಯೋ ನುಣುಪು. ಅದು ಉದುರದಂತೆ ಏನು ಬಳಸಿದಿರಿ? ಬಟ್ಟೆಯ ಮೇಲಾದರೆ ನಾನು ನಡುವೆ ಒಂದು ಹೊಲಿಗೆ ಹಾಕಿಬಿಡುತ್ತೇನೆ, ಕ್ಯಾನ್ವಾಸಿನ ಮೇಲೆ ನನಗೆ ಧೈರ್ಯ ಬರುವುದಿಲ್ಲ.

ಅರಗು

ಬಿಸಿ ಅಂಟನ್ನು ಬಳಸಬೇಡಿ, ಕೆಲವು ವರ್ಷಗಳಲ್ಲಿ ಅದು ಪೆಡಸಾಗಿ ಚಮಕಿಯನ್ನು ಬಿಟ್ಟುಬಿಡುತ್ತದೆ. ದಪ್ಪನೆಯ ಅಕ್ರಿಲಿಕ್ ಜೆಲ್ ತೆಗೆದುಕೊಳ್ಳಿ, ಅದು ಒಣಗಿದ ಮೇಲೂ ಬಳುಕುತ್ತದೆ, ಬಣ್ಣವೂ ಅಕ್ರಿಲಿಕ್ ಆಗಿದ್ದರೆ ಎರಡೂ ಒಂದಾಗಿ ಕೂಡಿಕೊಳ್ಳುತ್ತವೆ. ಚಮಕಿಯ ಬೆನ್ನನ್ನು ಮೊದಲು ನಯವಾದ ಮರಳುಕಾಗದದಿಂದ ಒಮ್ಮೆ ತಿಕ್ಕಿದರೆ ಹಿಡಿತ ಹೆಚ್ಚುತ್ತದೆ. ಸೂಜಿಯ ತುದಿಯಲ್ಲಿ ಒಂದು ಹನಿ ಜೆಲ್ ಇಟ್ಟು, ಚಮಕಿಯನ್ನು ಒತ್ತದೆ ಅದರ ಮೇಲೆ ಬಿಡಿ, ಅದು ತಾನಾಗಿ ಕೂರುತ್ತದೆ. ಒಂದು ಇಡೀ ದಿನ ಚಿತ್ರವನ್ನು ಮಲಗಿಸಿಯೇ ಇಡಬೇಕು. ನಿಲ್ಲಿಸಿದರೆ ಚಮಕಿಗಳು ನಿಧಾನವಾಗಿ ಕೆಳಗೆ ಜಾರುತ್ತವೆ. ನಮ್ಮದರಲ್ಲಿ ಮೂರು ಜಾರಿ ಅವನ ಗಲ್ಲದ ಕೆಳಗೆ ಬಂದು ನಿಂತಿವೆ, ಅವನ್ನು ಸರಿಪಡಿಸಲು ಅವನು ಬಿಡಲಿಲ್ಲ.